4000 ದಾಟಿದ್ರೆ ಎಳೆದು ಎಳೆದು ಬಿಡೋ ಹಳೇ ಟರ್ಬೊ ಕಾರು: ಟರ್ಬೊ ಬದಲಾಯಿಸೋ ಮುಂಚೆ ಏನ್ ನೋಡ್ಬೇಕು?

ಪ್ರಶ್ನೆ: ಸರ್, ನನ್ ಹತ್ರ 2005ರ ಆಕ್ಟೇವಿಯಾ ಆರ್‌ಎಸ್ ಇದೆ, 1.8 ಟರ್ಬೊ ಪೆಟ್ರೋಲ್. ಊರೊಳಗೆ ಏನೂ ತೊಂದ್ರೆ ಇಲ್ಲ. ಹೈವೇಲಿ ಮೂರನೇ ಗೇರಲ್ಲಿ ಪೂರ್ತಿ ತುಳಿದ್ರೆ 4000 ಆರ್‌ಪಿಎಂ ಆದ್ಮೇಲೆ ಒಂದ್ಸಲ ಜೋರಾಗಿ ಎಳೆಯತ್ತೆ, ತಕ್ಷಣ ಸೊರಗತ್ತೆ, ಮತ್ತೆ ಎಳೆಯತ್ತೆ. ಅರ್ಧ ತುಳಿದ್ರೆ ಸರಿಯಾಗೇ ಇರತ್ತೆ. ಗ್ಯಾರೇಜಲ್ಲಿ ಟರ್ಬೊ ಹೋಗಿದೆ ಅಂತಿದಾರೆ. ಬದಲಾಯಿಸ್ಲಾ? (ಹಾಸನದ ಓದುಗರು)

ಉತ್ತರ: ದಯವಿಟ್ಟು ಈಗ್ಲೇ ಒಪ್ಕೋಬೇಡಿ. ಟರ್ಬೊ ನಿಜವಾಗ್ಲೂ ಹೋಗಿದ್ರೆ ನೀಲಿ ಹೊಗೆ ಬರತ್ತೆ, ಆಯಿಲ್ ಕಮ್ಮಿ ಆಗ್ತಾ ಹೋಗತ್ತೆ, ಸೈರನ್ ಥರ ಕೂಗತ್ತೆ, ಇಲ್ಲಾಂದ್ರೆ ಬೂಸ್ಟೇ (ಟರ್ಬೊ ಎಂಜಿನ್‌ಗೆ ತಳ್ಳೋ ಗಾಳಿ ಒತ್ತಡ) ಬರಲ್ಲ. ನಿಮ್ ಗಾಡೀಲಿ ಬೂಸ್ಟ್ ಬರ್ತಾ ಇದೆ, ಒಂದೇ ಮಟ್ಟದಲ್ಲಿ ನಿಲ್ತಾ ಇಲ್ಲ ಅಷ್ಟೆ. ಅಂದ್ರೆ ಮೊದ್ಲು ಅನುಮಾನ ಪಡಬೇಕಾಗಿರೋದು ಬೂಸ್ಟ್ ಕಂಟ್ರೋಲ್ ಮೇಲೆ.

ಈ ಎಂಜಿನ್ನಲ್ಲಿ ಎನ್75 ಅಂತ ಒಂದು ಚಿಕ್ಕ ಸೊಲೆನಾಯ್ಡ್ ವಾಲ್ವ್ ಇದೆ, ಮೂರು ಪೈಪ್ ಬಂದು ಸೇರಿರತ್ತೆ. ವೇಸ್ಟ್‌ಗೇಟಿಗೆ (ಹೊಗೆಯನ್ನ ಟರ್ಬೊ ಪಕ್ಕದಿಂದ ಬಿಟ್ಟು ಬೂಸ್ಟ್ ತಗ್ಗಿಸೋ ಬಾಗಿಲು) ಎಷ್ಟು ಒತ್ತಡ ಹೋಗ್ಬೇಕು ಅಂತ ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ಇದರ ಮೂಲಕಾನೇ ನಡೆಸೋದು. ವಯಸ್ಸಾದ್ಮೇಲೆ ವಾಲ್ವ್ ಒಳಗೆ ಹಿಡ್ಕೊಳತ್ತೆ, ಆಗ ಬೂಸ್ಟ್ ಮೇಲೆ ಹೋಗತ್ತೆ, ಇಸಿಯು ಜಾಸ್ತಿ ಆಯ್ತು ಅಂತ ಕಟ್ ಮಾಡತ್ತೆ, ಕೆಳಗೆ ಬೀಳತ್ತೆ, ಸಾಲ್ದು ಅಂತ ಮತ್ತೆ ಏರಿಸತ್ತೆ, ಹೀಗೇ ನಡೀತಿರತ್ತೆ. ನೀವು ಬರೆದಿರೋದು ಬಹುತೇಕ ಇದೇ.

ಟೆಸ್ಟಿಗೆ ದುಡ್ಡು ಬೇಡ. ಎನ್75ರ ಕರೆಂಟ್ ಪ್ಲಗ್ ಕಿತ್ತಿಟ್ಟು ಅದೇ ರೋಡಲ್ಲಿ ಓಡ್ಸಿ. ಪ್ಲಗ್ ಇಲ್ದಿದ್ರೆ ಪೂರ್ತಿ ಒತ್ತಡ ನೇರ ವೇಸ್ಟ್‌ಗೇಟಿಗೆ ಹೋಗೋದ್ರಿಂದ ಅದರ ಸ್ಪ್ರಿಂಗ್ ಬಿಡೋವಷ್ಟು ಬೂಸ್ಟ್ ಮಾತ್ರ ಸಿಗತ್ತೆ, ಗಾಡಿ ಮಂಕಾಗತ್ತೆ, ಚೆಕ್ ಎಂಜಿನ್ ಲೈಟೂ ಬರಬಹುದು, ಆಮೇಲೆ ಕ್ಲಿಯರ್ ಮಾಡ್ಕೊಳಿ. ಆದ್ರೆ ಮಂಕಾದ್ರೂ ಒಂದೇ ಸಮ ಎಳೆದ್ರೆ ತೊಂದ್ರೆ ಈ ವಾಲ್ವಲ್ಲೋ, ಅದರ ಪೈಪಲ್ಲೋ, ವೇಸ್ಟ್‌ಗೇಟ್ ರಾಡ್ ಬಿಗಿ ಆಗಿರೋದ್ರಲ್ಲೋ ಇದೆ. ಪೈಪ್‌ಗಳನ್ನ ಬಗ್ಗಿಸಿ ನೋಡಿ, ಇಷ್ಟು ವರ್ಷ ಎಂಜಿನ್ ಬಿಸಿಗೆ ಬೆಂದ ರಬ್ಬರ್ ಹೊರಗಿಂದ ಚೆನ್ನಾಗ್ ಕಂಡ್ರೂ ಬಗ್ಗಿಸಿದಾಗ ಬಿರುಕು ಬಾಯಿ ಬಿಡತ್ತೆ.

ಹಾಗೆ ಮಾಡಿದ್ರೂ ಏರಿಳಿತ ಹೋಗ್ಲಿಲ್ವಾ? ಪ್ಲಗ್ ವಾಪಸ್ ಹಾಕಿ, ಈಗ ಏರ್ ಫಿಲ್ಟರ್ ಪಕ್ಕದ ಮಾಸ್ ಏರ್‌ಫ್ಲೋ ಸೆನ್ಸರ್ ಪ್ಲಗ್ ಕಿತ್ತು ಓಡ್ಸಿ. ಸರಿ ಹೋದ್ರೆ ಸೆನ್ಸರ್ ಗಾಳೀನ ತಪ್ಪು ಅಳೀತಿದೆ. ಸ್ಕ್ಯಾನರ್ ಇದ್ರೆ ಇನ್ನೂ ಖಚಿತ, 150 ಪಿಎಸ್ ಎಂಜಿನ್ ಪೂರ್ತಿ ತುಳಿದು ರೆಡ್‌ಲೈನ್ ಹತ್ರ ಹೋದಾಗ ಸೆಕೆಂಡಿಗೆ ಸುಮಾರು 115-120 ಗ್ರಾಂ ಗಾಳಿ ತೋರಿಸ್ಬೇಕು, 80-90ಕ್ಕೇ ನಿಂತ್ರೆ ಸೆನ್ಸರ್ ಸತ್ತಿದೆ ಅಥವಾ ಗಾಳಿ ಎಲ್ಲೋ ತಡೆದಿದೆ.

ಡೈವರ್ಟರ್ ವಾಲ್ವನ್ನೂ (ಕಾಲು ತೆಗೆದಾಗ ಬೂಸ್ಟ್ ಗಾಳೀನ ವಾಪಸ್ ತಿರುಗಿಸೋದು) ಬಿಚ್ಚಿ ನೋಡಿ. ಒಳಗಿನ ಡಯಾಫ್ರಾಮನ್ನ ಮೇಲಕ್ಕೆ ಒತ್ತಿ, ವ್ಯಾಕ್ಯೂಮ್ ಪೈಪ್ ಬರೋ ಮೂತಿನ ಬೆರಳಲ್ಲಿ ಮುಚ್ಚಿ ಕೈ ಬಿಡಿ, ಮೇಲೇ ನಿಂತ್ರೆ ಸರಿ ಇದೆ, ಕೆಳಗೆ ಇಳಿದ್ರೆ ರಬ್ಬರ್ ಹರಿದಿದೆ. ಇಂಟರ್‌ಕೂಲರ್ ಹೋಸ್‌ಗಳ ಲೀಕ್ ಹುಡುಕಕ್ಕೆ ಟರ್ಬೊ ಮೂತಿಗೆ ಮುಚ್ಚಳ ಬಿಗಿದು ಕಂಪ್ರೆಸರ್ ಗಾಳಿ ಬಿಟ್ಟು ಸೋಪಿನ ನೀರು ಚಿಮುಕಿಸ್ಬೇಕು, ಒಳ್ಳೆ ಗ್ಯಾರೇಜಲ್ಲಿ ಅರ್ಧ ಗಂಟೆ ಕೆಲಸ.

ಇನ್ನೊಂದು ವಿಷ್ಯ ಹಗುರವಾಗಿ ತಗೋಬೇಡಿ: ಪೆಟ್ರೋಲ್ ಪ್ರೆಷರ್. ಪಂಪ್ ವೀಕ್ ಆಗಿದ್ರೆ ಅಥವಾ ಫಿಲ್ಟರ್ ಕಟ್ಟಿದ್ರೆ ಸಿಟೀಲಿ ಗೊತ್ತೇ ಆಗಲ್ಲ, ಬೂಸ್ಟಲ್ಲಿ ಪೆಟ್ರೋಲ್ ಸಾಲ್ದೆ ಮಿಕ್ಸ್ಚರ್ ಲೀನ್ ಆಗಿ ಪಿಸ್ಟನ್ನೇ ಸುಟ್ಟು ಹೋಗ್ಬಹುದು. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ ಸುಮಾರು 3 ಬಾರ್ ಇರ್ಬೇಕು, ಬೂಸ್ಟ್ ಬಂದಾಗ ಅದರ ಜೊತೆಗೇ ಏರ್ಬೇಕು, ಬೀಳ್ಬಾರ್ದು. ಇದು ಚೆಕ್ ಆಗೋವರೆಗೂ ಪೂರ್ತಿ ತುಳಿಯೋದು ನಿಲ್ಸಿ, ಮೇಲೆ ಹೇಳಿದ ಓಡ್ಸೋ ಟೆಸ್ಟ್‌ಗಳನ್ನೂ ಇದಾದ್ಮೇಲೇ ಮಾಡಿ. ನಯವಾದ ಏರಿಳಿತ ಅಲ್ದೆ ಟಕ್ ಟಕ್ ಅಂತ ಜರ್ಕ್ ಹೊಡೀತಿದ್ರೆ ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ನೋಡಿಸಿ.

ಕೊನೇದಾಗಿ, ಸ್ಕ್ಯಾನರಲ್ಲಿ ಬ್ಲಾಕ್ 115 ಅನ್ನೋ ರೀಡಿಂಗ್ ಗುಂಪನ್ನ ಲಾಗ್ (ಓಡ್ಸ್ತಾ ದಾಖಲೆ) ಮಾಡ್ಸಿ, ಅಲ್ಲಿ ಇಸಿಯು ಕೇಳಿದ ಬೂಸ್ಟ್ ಮತ್ತೆ ನಿಜವಾಗಿ ಬಂದ ಬೂಸ್ಟ್ ಪಕ್ಕಪಕ್ಕದಲ್ಲೇ ಕಾಣತ್ತೆ. ಹಾಸನ ಎತ್ತರದಲ್ಲಿ ಇರೋದ್ರಿಂದ ಎಂಜಿನ್ ಆಫ್ ಇದ್ದಾಗ ಬೂಸ್ಟ್ ಸೆನ್ಸರ್ ಸುಮಾರು 900 ಮಿಲಿಬಾರ್ ತೋರಿಸಿದ್ರೆ ಗಾಬರಿ ಬೇಡ, ಮಂಗಳೂರಲ್ಲಿ ಅದೇ ಸೆನ್ಸರ್ 1010ರ ಹತ್ರ ತೋರಿಸತ್ತೆ. ಲಾಗ್ ಮಾಡುವಾಗ ಲ್ಯಾಪ್‌ಟಾಪ್ ಹಿಡಿಯಕ್ಕೆ ಪಕ್ಕದಲ್ಲಿ ಇನ್ನೊಬ್ರು ಇರ್ಲಿ, ನೇರವಾದ ಖಾಲಿ ರಸ್ತೇಲಿ ಮಾಡಿ, ಶಿರಾಡಿ ಘಾಟಲ್ಲಿ ಖಂಡಿತ ಬೇಡ. ಕೇಳಿದ ಬೂಸ್ಟ್ ಗೆರೆ ನೆಟ್ಟಗಿದ್ದು ಬಂದಿದ್ದು ಮಾತ್ರ ಮೇಲೆ ಕೆಳಗೆ ಆಡ್ತಿದ್ರೆ ಎನ್75 ಹೊಸದು ಹಾಕ್ಸಿ. ಎರಡೂ ಒಟ್ಟಿಗೆ ಆಡ್ತಿದ್ರೆ ಆ ಲಾಗ್ ಫೈಲ್ ನನಗೆ ಕಳಿಸಿ, ಬೇರೆ ಸೆನ್ಸರ್‌ಗಳ ಜೊತೆ ಇಟ್ಟು ನೋಡೋಣ.