ಗ್ಯಾರಂಟಿ ಲೆಕ್ಕ: ಯಾವ ಮೊತ್ತದಿಂದ ಭಾಗಿಸಬೇಕು?

ಓದುಗರ ಪತ್ರ: 2025-26ರ ರಾಜ್ಯ ಬಜೆಟ್ ಕುರಿತ ನಿಮ್ಮ ಚರ್ಚೆಯಲ್ಲಿ ಒಬ್ಬರು, ಗ್ಯಾರಂಟಿಗೆ ಹೋಗುವುದು ಬಜೆಟ್ಟಿನ ಎಂಟನೇ ಒಂದು ಪಾಲು ಎಂದರು. ಇನ್ನೊಬ್ಬರು ಆರನೇ ಒಂದಕ್ಕೂ ಹೆಚ್ಚು ಎಂದರು. ಇಬ್ಬರ ಮಾತನ್ನೂ ಅಚ್ಚು ಹಾಕಿದಿರಿ. ನಿಜ ಯಾವುದು?

ಸಂಪಾದಕರ ಉತ್ತರ: ಎರಡೂ ನಿಜ, ಭಾಗಿಸಿದ ಮೊತ್ತ ಬೇರೆ. ಗೃಹಲಕ್ಷ್ಮಿ, ಶಕ್ತಿಯಂಥ ಐದು ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು 51,034 ಕೋಟಿ ರೂಪಾಯಿ. ಬಜೆಟ್ ಗಾತ್ರ 4,09,549 ಕೋಟಿ. ಅದರಲ್ಲಿ ಶೇ 12.5 ಆಯಿತು. ಆದರೆ ಆ ಗಾತ್ರದೊಳಗೆ 1.16 ಲಕ್ಷ ಕೋಟಿ ಸಾಲವೂ ಇದೆ. ತೆರಿಗೆ, ಕೇಂದ್ರದ ಪಾಲು, ಅನುದಾನ ಎಲ್ಲ ಸೇರಿದ ರಾಜಸ್ವ ಸ್ವೀಕೃತಿ 2,92,477 ಕೋಟಿ. ಅದರಲ್ಲಿ ಶೇ 17.4. ಗ್ಯಾರಂಟಿ ಹಣ ರಸ್ತೆಯಾಗಿ, ಕೆರೆ ಏರಿಯಾಗಿ ಉಳಿಯುವಂಥದ್ದಲ್ಲ, ರಾಜಸ್ವ ವೆಚ್ಚ. ಹಾಗಾಗಿ ಎರಡನೆಯದೇ ಸರಿಯಾದ ಅಳತೆ ಎಂಬುದು ನಮ್ಮ ಅಭಿಪ್ರಾಯ. ಆಳುವವರು ಮೊದಲನೆಯದನ್ನೇ ಹಿಡಿಯುತ್ತಾರೆ, ಅದು ಅವರ ಕೆಲಸ.

ಇದಕ್ಕಿಂತ ದೊಡ್ಡ ಎಡವಟ್ಟು ಕೂಡುವಾಗ ಆಗುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗಳಾದ ಎಸ್‌ಸಿಎಸ್‌ಪಿ-ಟಿಎಸ್‌ಪಿಗೆ 42,018 ಕೋಟಿ, ಗ್ಯಾರಂಟಿಗೆ 51,034 ಕೋಟಿ ಎಂದು ಎರಡು ಸಾಲು ಬರೆದು ಬಿಟ್ಟರೆ ಓದುಗರು ಎರಡನ್ನೂ ಕೂಡಿಕೊಳ್ಳುತ್ತಾರೆ. ಪರಿಶಿಷ್ಟ ಜಾತಿಯ ಮಹಿಳೆಯ ಖಾತೆಗೆ ಬೀಳುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಎರಡೂ ಸಾಲಿನಲ್ಲಿ ಇರಬಹುದು. ಈ ಉಪಯೋಜನೆಗಳಿಗೆಂದೇ ಮಾಡಿದ 2013ರ ಕಾಯ್ದೆಯಲ್ಲಿ, ಸಾಮಾನ್ಯ ಕಾಮಗಾರಿಯ ಒಂದು ಪಾಲನ್ನೂ ಈ ನಿಧಿಯ ಲೆಕ್ಕಕ್ಕೆ ಸೇರಿಸಲು ಬಿಡುತ್ತಿದ್ದ 7(ಡಿ) ಕಲಂ 2023ರಲ್ಲಿ ರದ್ದಾದ ಮೇಲೂ ಗ್ಯಾರಂಟಿಯ ಒಂದು ಭಾಗ ಈ ನಿಧಿಯಿಂದಲೇ ಹೋಗುತ್ತಿದೆ. ಎಷ್ಟು ಹೋಗುತ್ತಿದೆ ಎಂದು ಇಲಾಖಾವಾರು ಕೇಳುವ ವರದಿಗಾರರು ಕಡಿಮೆ. ವಿಧಾನಸೌಧದ ಮೆಟ್ಟಿಲ ಮೇಲೆ ಸಿಗುವ ಎರಡು ಮಾತಿನ ಬೈಟ್‌ಗೆ ಅಷ್ಟು ತಲೆನೋವಿಲ್ಲ.

ಕೊರತೆಯ ವಿಷಯದಲ್ಲೂ ಹೀಗೇ. ವಿತ್ತೀಯ ಕೊರತೆ, ಅಂದರೆ ಸಾಲದಿಂದ ತುಂಬುವ ಅಂತರ, ರಾಜ್ಯದ ಒಟ್ಟು ಉತ್ಪನ್ನವಾದ ಜಿಎಸ್‌ಡಿಪಿಯ ಶೇ 2.95, ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಶೇ 3. ಈವರೆಗಿನ ಸಾಲವೆಲ್ಲ ಸೇರಿದ ಒಟ್ಟು ಹೊಣೆಗಾರಿಕೆ ಶೇ 24.91, ಮಿತಿ ಶೇ 25. ಇವನ್ನು ಹೇಳಿ ‘ಎಲ್ಲ ಮಿತಿಯೊಳಗಿದೆ’ ಎನ್ನುವವರು 19,262 ಕೋಟಿಯ ರಾಜಸ್ವ ಕೊರತೆಯನ್ನು, ಅಂದರೆ ರಾಜಸ್ವ ಸ್ವೀಕೃತಿಯನ್ನು ಮೀರಿದ ರಾಜಸ್ವ ವೆಚ್ಚವನ್ನು, ಬಾಯಿಬಿಟ್ಟು ಹೇಳುವುದಿಲ್ಲ. ವಿರೋಧಿಗಳು ಅದೊಂದನ್ನೇ ಹೇಳುತ್ತಾರೆ. ಟಿವಿ ಸ್ಟುಡಿಯೋದಲ್ಲಿ ಆರು ಜನ ಕೂಗಾಡುವಾಗ ಪರದೆಯ ಮೇಲೆ ಈ ಮೂರು ಅಂಕಿ ಒಟ್ಟಿಗೆ ಹಾಕಿದರೆ ಅರ್ಧ ಗಲಾಟೆ ನಿಂತೀತು.

ನೀವೇ ಒಂದು ತಾಳೆ ನೋಡಬಹುದು. ಗೃಹಲಕ್ಷ್ಮಿಗೆ ಇಟ್ಟದ್ದು 28,608 ಕೋಟಿ. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 2,384 ಕೋಟಿ. ಅದನ್ನು 2,000ದಿಂದ ಭಾಗಿಸಿದರೆ 1.19 ಕೋಟಿ ಮಹಿಳೆಯರು. ಫಲಾನುಭವಿಗಳು ಇದಕ್ಕಿಂತ ಹೆಚ್ಚೆಂದು ಸಚಿವರು ಹೇಳಿದರೆ ವರ್ಷದ ನಡುವೆ ಪೂರಕ ಅಂದಾಜಿನಲ್ಲಿ ಹೆಚ್ಚಿನ ಹಣ ಕೇಳಬೇಕು, ಇಲ್ಲವೇ ಕಂತು ಬಾಕಿ ಉಳಿಯಬೇಕು. ಒಂದೇ ಕಂತು ಮುಂದಿನ ವರ್ಷಕ್ಕೆ ಜಾರಿದರೂ ಈ ವರ್ಷದ ಖರ್ಚು 2,384 ಕೋಟಿ ಕಡಿಮೆ ಕಾಣುತ್ತದೆ.

ಮೇಲಿನವೆಲ್ಲ ಬಜೆಟ್ ಅಂದಾಜುಗಳು. ಮುಂದಿನ ಬಜೆಟ್ಟಿನಲ್ಲಿ ಪರಿಷ್ಕೃತ ಅಂದಾಜು, ಅದರಾಚೆಯ ಬಜೆಟ್ಟಿನಲ್ಲಿ ‘ಲೆಕ್ಕ’ ಎಂಬ ಕಾಲಂನಲ್ಲಿ ನಿಜವಾದ ಖರ್ಚು ಬರುತ್ತದೆ. ಈ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ಹಣಕಾಸು ಲೆಕ್ಕಗಳು ಸದನದಲ್ಲಿ ಮಂಡನೆಯಾದಾಗ ಮತ್ತೊಮ್ಮೆ ತಾಳೆ ಹಾಕಿ.