ಗೆಳೆಯರ ರೂಮುಗಳಲ್ಲಿ ಮಲಗುತ್ತಾ, ಆಗಾಗ ಊಟ ಬಿಡುತ್ತಾ ಓದುತ್ತಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಸಹಾಯ ಕೇಳುವಷ್ಟು ದೊಡ್ಡ ಕಷ್ಟವಾ ಇದು? ಯಾರನ್ನು ಕೇಳಲಿ?

ಹೌದು, ಕೇಳುವಷ್ಟು ಕಷ್ಟವೇ. ಓದುವಾಗ ನಾನೂ ಎರಡು ತಿಂಗಳು ಹೀಗೇ ಇದ್ದೆ. ಒಂದು ವಾರ ಒಬ್ಬನ ರೂಮು, ಮುಂದಿನ ವಾರ ಇನ್ನೊಬ್ಬನದು. ಬ್ಯಾಗನ್ನು ಪೂರ್ತಿ ಬಿಚ್ಚುತ್ತಲೇ ಇರಲಿಲ್ಲ. ಆದರೂ ಸಹಾಯ ಕೇಳಿದರೆ ಯಾರದೋ ಪಾಲು ಕಿತ್ತುಕೊಂಡ ಹಾಗೆ ಅಂತ ಸುಮ್ಮನಿದ್ದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಆಹಾರದ ಅಭದ್ರತೆ ಅಳೆಯಲು 8 ಪ್ರಶ್ನೆ ಕೇಳುತ್ತದೆ. ಮೊದಲನೆಯದು, ದುಡ್ಡಿಲ್ಲದೆ ಊಟಕ್ಕೆ ಸಾಲುವುದಿಲ್ಲವೇನೋ ಅಂತ ಚಿಂತೆಯಾಗಿತ್ತಾ ಅಂತ. ಊಟ ಬಿಟ್ಟಿದ್ದು 4ನೆಯದು. ಇಡೀ ದಿನ ಉಪವಾಸ ಇದ್ದದ್ದು ಕಟ್ಟಕಡೆಯದು. ನಾವು ಆ ಕಡೆಯದನ್ನು ಮಾತ್ರ ಹಸಿವು ಅಂದುಕೊಂಡು ಕೂತಿರುತ್ತೇವೆ, ಅಲ್ವಾ? ಸೂರಿನ ಲೆಕ್ಕವೂ ಹಾಗೇ. ಮನೆ ಇಲ್ಲದ ಸ್ಥಿತಿಗಳನ್ನು ಗುರುತಿಸಲು ಯುರೋಪಿನಲ್ಲಿ ಬಳಸುವ ಇಥೋಸ್ ಎಂಬ ವರ್ಗೀಕರಣದಲ್ಲಿ, ಬೇರೆ ದಾರಿ ಇಲ್ಲದೆ ಗೆಳೆಯರ ಜೊತೆ ತಾತ್ಕಾಲಿಕವಾಗಿ ಇರುವುದೂ ಅಭದ್ರ ವಾಸವೇ.

ಇನ್ನು ಕೆಲಸದ ಮಾತು. ಮಲಗುವ ಜಾಗದ ವಿಷಯ ಮೊದಲು ಎತ್ತಿ, ಊಟದ್ದು ಆಮೇಲೆ. ಊಟಕ್ಕೆ ಇವತ್ತೇ ಏನಾದರೂ ವ್ಯವಸ್ಥೆ ಆಗಬಹುದು. ರೂಮಿಗೆ ಅರ್ಜಿ, ಸಹಿ, ಖಾಲಿ ಹಾಸಿಗೆ ಎಲ್ಲ ಬೇಕು. ನಾನು ಉಲ್ಟಾ ಮಾಡಿದೆ. ರಜೆಗೆ ಮೂರು ದಿನ ಇದ್ದಾಗ ಹಾಸ್ಟೆಲ್ ಕೇಳಲು ಹೋದೆ. ಅವರು ಆಗಲೇ ಬೀಗ ಹಾಕುವ ತಯಾರಿಯಲ್ಲಿದ್ದರು, ಜೊತೆಗೆ ಮೆಸ್ಸೂ ಬಂದ್.

ವಿದ್ಯಾರ್ಥಿ ಕಲ್ಯಾಣ ವಿಭಾಗಕ್ಕೆ ಬರೆಯುವಾಗ 'ತುಂಬಾ ಕಷ್ಟದಲ್ಲಿದ್ದೇನೆ' ಅಂತ ಬರೆಯಬೇಡಿ. 'ಇಂಥ ತಾರೀಖಿನ ನಂತರ ಮಲಗಲು ಜಾಗ ಇಲ್ಲ, ವಾರಕ್ಕೆ ಇಷ್ಟು ಹೊತ್ತು ಊಟ ಬಿಡುತ್ತಿದ್ದೇನೆ' ಅಂತ ಬರೆಯಿರಿ. ತಾರೀಖು ಇಲ್ಲದ ಕಾಗದವನ್ನು ಆಮೇಲೆ ನೋಡಿದರಾಯಿತು ಅಂತ ಪಕ್ಕಕ್ಕಿಡುತ್ತಾರೆ. ತುರ್ತು ನಿಧಿ ಇದೆಯಾ, ಅದನ್ನು ವಾಪಸ್ ಕಟ್ಟಬೇಕಾ, ಫೀಸು ಕಂತಿನಲ್ಲಿ ಕೊಡಬಹುದಾ ಅಂತಲೂ ಕೇಳಿ. ಅಲ್ಲಿಗೆ ಹೋಗಲು ಧೈರ್ಯ ಸಾಲದಿದ್ದರೆ ನೀವು ಓದುವ ವಿಭಾಗದ ಆಫೀಸಿನ ಗುಮಾಸ್ತರನ್ನು ಕೇಳಿ. ಯಾವ ಬಾಗಿಲು ತಟ್ಟಬೇಕು ಅಂತ ನನಗೆ ಹೇಳಿದ್ದು ಅವರೇ, ಪ್ರೊಫೆಸರ್‌ಗಳಲ್ಲ.

ನಾಚಿಕೆಯ ವಿಷಯಕ್ಕೆ ಬಂದರೆ, ಇದನ್ನು ಮೊದಲು ಅರ್ಥ ಮಾಡಿಕೊಂಡಿದ್ದು ವಿದ್ಯಾರ್ಥಿಗಳೇ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1993ರಲ್ಲೇ ವಿದ್ಯಾರ್ಥಿಗಳೇ ನಡೆಸುವ, ದಿನಸಿ ಉಚಿತವಾಗಿ ಕೊಡುವ ಆಹಾರ ಬ್ಯಾಂಕ್ ಶುರುವಾಯಿತು. ಈಗ ಅಮೆರಿಕದ ಹಲವು ಕ್ಯಾಂಪಸ್‌ಗಳಲ್ಲಿ ಒಬ್ಬರು ಬಿಟ್ಟುಕೊಟ್ಟ ಊಟ ಇನ್ನೊಬ್ಬರ ಮೆಸ್ ಕಾರ್ಡಿಗೆ ಸೇರುತ್ತದೆ. ಅದೇ ಸಾಲು, ಅದೇ ಕಾರ್ಡು, ಪಕ್ಕದವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮಲ್ಲಿ ಇಂಥದ್ದಿಲ್ಲದಿದ್ದರೆ ವಿದ್ಯಾರ್ಥಿ ಸಂಘದ ಮುಂದೆ ಇಟ್ಟು ನೋಡಿ.

ಇನ್ನೊಂದು. ಅರ್ಜಿಯಲ್ಲಿ ಗೆಳೆಯನ ರೂಮನ್ನು ನಿಮ್ಮ ವಿಳಾಸ ಅಂತ ಸುಮ್ನೆ ತುಂಬಿಸಬೇಡಿ, 'ತಾತ್ಕಾಲಿಕ' ಅಂತ ಸೇರಿಸಿ. ನಾನು ಸೇರಿಸಿರಲಿಲ್ಲ. ವಾಸಕ್ಕೆ ಜಾಗ ಇದೆಯಲ್ಲ ಅಂತ ಅರ್ಜಿ ವಾಪಸ್ ಬಂತು, ಅದೂ ಅದೇ ವಿಳಾಸಕ್ಕೆ. ಅಷ್ಟರಲ್ಲಿ ನಾನು ಬೇರೆ ರೂಮಿಗೆ ಹೋಗಿಯಾಗಿತ್ತು.