ಕೊಡಗಲ್ಲಿ ಚರ್ಚಾ ಅಂತ ಕೇಳಿದವರಿಗೆ

"ಊರು ಕೊಡಗು ಅಂತೀರಿ, ತೀರಿಕೊಂಡ ಅಮ್ಮನ ವರ್ಷದ ಪೂಜೆ ಚರ್ಚಿನಲ್ಲಿ ಅಂತೀರಿ, ಅದು ಹೇಗೆ?" ಅಂತ ಕೇಳಿದ್ದೀರಿ. ಬೇಜಾರಿಲ್ಲ. ಕೊಡಗು ಅಂದ ಕೂಡಲೇ ಕೊಡವ ಗಂಡಸರ ಉದ್ದ ಕೋಟು ಕುಪ್ಪಸ, ಸೊಂಟದ ಪೀಚೆಕತ್ತಿಯೇ ಎಲ್ಲರ ಕಣ್ಣಿಗೆ ಬರುತ್ತದೆ. ಆದರೆ ವಿರಾಜಪೇಟೆ ಬಸ್ಸಲ್ಲಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಕೊಡವ ತಕ್ಕ್, ಮಲಯಾಳಂ, ತುಳು, ಕೊಂಕಣಿ ಎಲ್ಲಾ ಕಿವಿಗೆ ಬೀಳುತ್ತದೆ. ಮಾಕುಟ್ಟ ಘಾಟಿ ಇಳಿದರೆ ಕೇರಳ ತಾನೇ.

ನಮ್ಮದು ಕೊಂಕಣಿ ಕ್ರೈಸ್ತರ ಮನೆ. ಅಮ್ಮನನ್ನು ಮಾಯಿ ಅಂತ ಕರೆಯುತ್ತಿದ್ದೆವು. ಮೊಮ್ಮಕ್ಕಳೂ ನಮ್ಮನ್ನು ಕೇಳಿ ಮಾಯಿ ಅಂತಲೇ ಕಲಿತವು. ಮಾಯಿ ತೋಟದಲ್ಲಿ ಎಣಿಸುತ್ತಿದ್ದದ್ದು ಕೊಂಕಣಿಯಲ್ಲಿ, ಮೀನಿನವನ ಹತ್ತಿರ ಜಗಳ ಮಲಯಾಳಂನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ.

ಕ್ರೈಸ್ತರು ಇಲ್ಲಿಗೆ ಬಂದ ಕಥೆ ಹಳೆಯದು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಮುಂದೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ವಿರಾಜಪೇಟೆ ಕಟ್ಟಿಸಿದಾಗ ಆ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಆಸರೆ ಕೊಟ್ಟ, ಇಗರ್ಜಿಗೆ, ಅಂದರೆ ಚರ್ಚಿಗೆ, ಜಾಗವನ್ನೂ ಕೊಟ್ಟ. ರಾಜ ಲಿಂಗಾಯತ, ನೆನಪಿರಲಿ. ಪೇಟೆಯಲ್ಲಿ ಈಗ ಕಾಣುವ ಎತ್ತರದ ಗೋಪುರದ ಕಟ್ಟಡ 1868ರದು. ನಮ್ಮ ಮನೆಯವರು ಆ ಮೊದಲ ಗುಂಪಿನವರೋ, ಆಮೇಲೆ ಕಾಫಿ ಕೆಲಸಕ್ಕೆ ಘಟ್ಟ ಹತ್ತಿದವರೋ, ಮಾಯಿಗೆ ಆ ಲೆಕ್ಕ ಬೇಕಿರಲಿಲ್ಲ. "ರಾಜ ಜಾಗ ಕೊಟ್ಟ, ನಾವು ಕೂತೆವು," ಅಷ್ಟೇ.

ಮಾಯಿಯದು ತೋಟದ ಕೆಲಸ. ಮಳೆ ನಿಂತ ಮೇಲೆ ಚಿಗುರು ತೆಗೆಯುವುದು, ಚಳಿಗಾಲ ಪೂರ್ತಿ ಕಾಫಿ ಕುಯ್ಯುವುದು. ಕೊನೆಗೆ ನೆಲಕ್ಕೆ ಬಿದ್ದ ಕಾಳು ಹೆಕ್ಕುವ ಕೆಲಸ ಇರುತ್ತದಲ್ವಾ, ಬೆನ್ನು ಮುರಿಯುವಂಥದ್ದು, ಅದರಲ್ಲಿ ಮಾಯಿಯನ್ನು ಮೀರಿಸುವವರಿರಲಿಲ್ಲ. ಸೀಸನ್ನಿನಲ್ಲಿ ಭಾನುವಾರವೂ ಕೆಲಸ ಇರುತ್ತಿತ್ತು. ಮಾಯಿ ಬೆಳಗಿನ ಮೊದಲ ಪೂಜೆ ಮುಗಿಸಿಯೇ ತೋಟಕ್ಕೆ ಹೋಗುತ್ತಿದ್ದಳು. ಒಂದು ಸಲ ಅಲ್ಲಿ ಲೆಕ್ಕ ಬರೆಯುವ ರೈಟರು ತಡವಾಯಿತು ಅಂತ ಅರ್ಧ ದಿನದ ಸಂಬಳ ಹಿಡಿದರು. "ಅರ್ಧ ದೇವರಿಗೆ, ಅರ್ಧ ಸಾಹುಕಾರರಿಗೆ, ಸರಿಯಾಗಿಯೇ ಇದೆ," ಅಂದಳಂತೆ. ಮುಂದಿನ ಭಾನುವಾರವೂ ಅಷ್ಟೇ ತಡ.

ನಿಮಗೆ ಹೇಳಲೇಬೇಕಾದದ್ದು ತೆನೆಯ ವಿಷಯ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ಒಯ್ಯಬೇಕು. ಮಾಯಿಯ ಡೇರೆ ಹೂವಿನ ಗಿಡಗಳೆಲ್ಲ ಬೋಳು. ಕೊನೆಯ ದಿನ ಹೊಸ ತೆನೆ ಆಶೀರ್ವಾದ ಮಾಡಿಸಿ, ಭತ್ತದ ಕಾಳು ಸುಲಿದು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿಯಬೇಕು. ಮಂಗಳೂರು ಕಡೆ ಸರಿ, ಆ ಹೊತ್ತಿಗೆ ತೆನೆ ಬಂದಿರುತ್ತದೆ. ನಮ್ಮಲ್ಲಿ? ಜುಲೈ, ಆಗಸ್ಟಿನಲ್ಲಿ ನಾಟಿ. ಸೆಪ್ಟೆಂಬರಿನಲ್ಲಿ ಗದ್ದೆ ಬರೀ ಹಸಿರು. ಕೊಡಗಿನಲ್ಲಿ ತೆನೆ ಬರುವುದು ಕೊಡವರ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ, ನವೆಂಬರ್ ಕೊನೆಗೋ ಡಿಸೆಂಬರಿಗೋ.

ಮಾಯಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಳು. ಪುತ್ತರಿ ರಾತ್ರಿ ಗದ್ದೆ ಕಡೆಯಿಂದ ಗುಂಡಿನ ಸದ್ದು, "ಪೊಲಿ ಪೊಲಿ ದೇವಾ" ಕೂಗು ಕೇಳಿದ ಕೂಡಲೇ ಬಾಗಿಲಲ್ಲಿ ಬಂದು ನಿಲ್ಲುವಳು. ಮರುದಿನ ಪಕ್ಕದ ಐನ್‌ಮನೆಯ, ಅಂದರೆ ಕೊಡವರ ಮೂಲ ಮನೆಯ, ಅಕ್ಕ ನಾಲ್ಕು ತೆನೆ ತಂದುಕೊಡುತ್ತಿದ್ದರು. ಅದನ್ನು ಮಾಯಿ ಒಲೆಯ ಮೇಲೆ, ಹೊಗೆ ತಾಗುವಲ್ಲಿ ಕಟ್ಟಿಡುತ್ತಿದ್ದಳು. ಮುಂದಿನ ಸೆಪ್ಟೆಂಬರಿನಲ್ಲಿ ಅದೇ ನಮ್ಮ ಹೊಸ ತೆನೆ! ಹೊಗೆ ವಾಸನೆಯ ಹಾಲು. "ಇದು ಹಳೇದಲ್ವಾ ಮಾಯಿ?" ಅಂತ ಮಗಳು ಕೇಳಿದರೆ, "ಮರಿಯಮ್ಮ ಗದ್ದೆ ನೋಡಿಲ್ವಾ? ಅವಳಿಗೆ ಗೊತ್ತು," ಅನ್ನುವಳು. ಫಾದರ್‌ಗೆ ಇದು ಗೊತ್ತಿತ್ತೋ ಇಲ್ಲವೋ, ನಾವಂತೂ ಹೇಳಲಿಲ್ಲ.

ನಮ್ಮ ಚರ್ಚು ಸಂತ ಅನ್ನಮ್ಮನದು. ಆಕೆ ಮರಿಯಮ್ಮನ ತಾಯಿ, ಅಂದರೆ ಯೇಸುವಿನ ಅಜ್ಜಿ. ಮೊದಲ ಮೊಮ್ಮಗಳು ಹುಟ್ಟಿದ ದಿನ ಮಾಯಿ ಆಸ್ಪತ್ರೆಯ ಬೆಂಚಲ್ಲಿ ಕೂತು, "ಇನ್ನು ನಾನೂ ಅನ್ನಮ್ಮನೂ ಒಂದೇ ಕೆಲಸದವರು," ಅಂದಿದ್ದಳು. ಅನ್ನಮ್ಮನ ಹಬ್ಬ ಜುಲೈ 26, ಕೊಡಗಿನ ಮಳೆ ಜೋರಾಗಿರುವ ಹೊತ್ತು. ಆದರೂ ಮಾಯಿ ತಪ್ಪಿಸಿದವಳಲ್ಲ. ತೋಟದ ಕಾಲುದಾರಿಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಸೀರೆ ಎತ್ತಿ ಕಟ್ಟಿ ನಡೆಯುವಳು. ಚೀಲದಲ್ಲಿ ಜಪಸರ, ಅದರ ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪು. ಫಾದರ್ ಪ್ರಸಂಗದ ಮಧ್ಯೆ ಕಾಲಿಗೆ ಜಿಗಣೆ ಹತ್ತಿದ್ದು ಗೊತ್ತಾದರೆ ಬಗ್ಗಿ ಉಪ್ಪು ಒತ್ತುವಳು. ಬಾಯಲ್ಲಿ ಪ್ರಾರ್ಥನೆ ನಿಲ್ಲುತ್ತಿರಲಿಲ್ಲ. ನಾವು ಮಕ್ಕಳು ನಕ್ಕರೆ ಅದೇ ಕೈಯಿಂದ ಕಿವಿ ಹಿಂಡುವಳು. ಉಪ್ಪು ಉರಿಯುತ್ತಿತ್ತು.

ಮಾಯಿ ಹೋಗಿ ಒಂದು ವರ್ಷವಾಯಿತು. ಒಲೆಯ ಮೇಲೆ ಈ ಸಲವೂ ತೆನೆ ಇದೆ, ಆ ಅಕ್ಕ ಕೇಳದೆಯೇ ತಂದುಕೊಟ್ಟರು. ನೋಡಬೇಕು ಅಂತಿದ್ದರೆ ಸೆಪ್ಟೆಂಬರ್ 8ಕ್ಕೆ ಬನ್ನಿ, ಹೊಗೆ ಹಾಲು ಕುಡಿಸುತ್ತೇವೆ. ಅನ್ನಮ್ಮನ ಹಬ್ಬಕ್ಕೇ ಬರ್ತೀರಾದರೆ ಕೊಡೆ ನಂಬಬೇಡಿ. ಉಪ್ಪು ನಾವು ಕೊಡುತ್ತೇವೆ.